ದಪ್ಪ ತೆನೆ ಮಾತ್ರ ಆರಿಸಿ ಅಜ್ಜಿಯ ತಳಿ ಕೆಡಿಸಿದೆ, ನೀವು ಹೀಗೆ ಮಾಡಬೇಡಿ

ನಾಟಿ ಮೆಕ್ಕೆಜೋಳದ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುವವರು ದಯವಿಟ್ಟು ಓದಿ. ಅಜ್ಜಿ ಕಾಲದಿಂದ ಬಂದ ಬಿಳಿ ಕಾಳಿನ ತಳಿ ನನ್ನ ಕೈಯಲ್ಲೇ ಕೆಟ್ಟಿತು. ಬರ ಬಂದಿರಲಿಲ್ಲ, ರೋಗವೂ ಇರಲಿಲ್ಲ. ಬೀಜಕ್ಕೆ ತೆನೆ ಆರಿಸುವುದರಲ್ಲಿ ನಾನು ತಪ್ಪಿದೆ.

ಅಜ್ಜಿ ಹೊಲದ ಮೂಲೆಮೂಲೆಯಿಂದ ತೆನೆ ತರುತ್ತಿದ್ದರು. ದೊಡ್ಡದು, ಚಿಕ್ಕದು, ಬೇಗ ಬಲಿತದ್ದು, ತಡವಾಗಿ ಬಲಿತದ್ದು ಎಲ್ಲವೂ ಇರುತ್ತಿತ್ತು. ಅದು ಅಸಡ್ಡೆ ಅಂತ ನಾನು ತಿಳಿದಿದ್ದೆ. ನನ್ನ ಕೈಗೆ ಬಂದ ಮೇಲೆ ಪ್ರತಿ ವರ್ಷ ಎಲ್ಲಕ್ಕಿಂತ ದಪ್ಪನೆಯ ನಾಲ್ಕೈದು ತೆನೆ ಮಾತ್ರ ಇಟ್ಟೆ. ಸಣ್ಣ ಜಾಗಕ್ಕೆ ಅಷ್ಟು ಬೀಜ ಸಾಕಾಗುತ್ತಿತ್ತು. ಎರಡು ವರ್ಷ ಏನೂ ಗೊತ್ತಾಗಲಿಲ್ಲ. ಐದನೇ ವರ್ಷ, ತಲೆಗಿಂತ ಎತ್ತರ ಬೆಳೆಯುತ್ತಿದ್ದ ಗಿಡ ಎದೆ ಮಟ್ಟಕ್ಕೆ ನಿಂತಿತು. ತೆನೆ ಬಿಡಿಸಿದರೆ ಅರ್ಧ ಬೋಳು. ಗೊಬ್ಬರ ಹಾಕಿದೆ, ನೀರು ಜಾಸ್ತಿ ಬಿಟ್ಟೆ, ಸರಿಹೋಗಲಿಲ್ಲ.

ಮೆಕ್ಕೆಜೋಳ ಭತ್ತದ ಹಾಗಲ್ಲ. ಭತ್ತದ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಮೆಕ್ಕೆಜೋಳಕ್ಕೆ ಬಹುಪಾಲು ಬೇರೆ ಗಿಡದ ಪರಾಗ ಗಾಳಿಯಲ್ಲಿ ಬರುತ್ತದೆ. ನಾಲ್ಕೇ ತೆನೆಯ ಮಕ್ಕಳನ್ನು ಬಿತ್ತಿದರೆ ಅಣ್ಣ ತಂಗಿಯರೇ ಮತ್ತೆಮತ್ತೆ ಕೂಡಿದ ಹಾಗೆ. ಒಳಗೆ ಅಡಗಿದ್ದ ದೋಷಗಳೆಲ್ಲ ಹೊರಗೆ ಬರುತ್ತವೆ. ಅಜ್ಜಿಯ 'ಚಿಕ್ಕ ತೆನೆ'ಗಳೇ ಆ ತಳಿಯ ಬಲವಾಗಿದ್ದವು ಅಂತ ಆಗ ಗೊತ್ತಾಯಿತು.

ಅದೇ ವರ್ಷ ಬಿಳಿ ತೆನೆಗಳಲ್ಲಿ ಅಲ್ಲಲ್ಲಿ ಹಳದಿ ಕಾಳು ಕಂಡವು. ಪಕ್ಕದ ಹೊಲದ ಹಳದಿ ಹೈಬ್ರಿಡ್‌ನ ಪರಾಗ ಬಿದ್ದಿತ್ತು. ಅದೊಂದು ಪುಣ್ಯ, ಬೆರಕೆಯಾದದ್ದು ಆ ಬೆಳೆಯಲ್ಲೇ ಕಾಣುತ್ತದೆ. ಪಕ್ಕದ್ದೂ ಬಿಳಿಯಾಗಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಇದು ನನ್ನೊಬ್ಬನ ಹೊಲದ ವಿಷಯ ಮಾತ್ರ ಅಲ್ಲ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಬಹುಪಾಲು ಹೈಬ್ರಿಡ್‌ಗಳಿಗೆ ತಾಯಿ ಕಡೆಯ ಒಂದೇ ಗುಣ ಇತ್ತು. ಎಲೆ ಅಂಗಮಾರಿ ಶಿಲೀಂಧ್ರಕ್ಕೆ ಅಷ್ಟೇ ಸಾಕಾಯಿತು. ದೇಶದ ಬೆಳೆಯಲ್ಲಿ ಸುಮಾರು 15% ಹಾಳಾಯಿತು.

ಹಾಗಾಗಿ ಬೀಜಕ್ಕೆ ಕನಿಷ್ಠ 100 ಗಿಡಗಳಿಂದ ತೆನೆ ತೆಗೆಯಿರಿ, ಪ್ರತಿ ತೆನೆಯಿಂದಲೂ ಒಂದೇ ಲೆಕ್ಕದ ಕಾಳು ಬೆರೆಸಿ. ರೋಗದ ಗಿಡ ಬಿಟ್ಟರೆ ಸಾಕು, ಬೇರೆ ವಿಚಾರದಲ್ಲಿ ಕಟ್ಟುನಿಟ್ಟು ಬೇಡ. ಜಾಗ ಕಡಿಮೆಯಾದರೆ ಅದೇ ತಳಿ ಬೆಳೆಯುವ ಇನ್ನೊಬ್ಬರ ಜೊತೆ ಬೀಜ ಕೂಡಿಸಿಕೊಳ್ಳಿ. ಬೇರೆ ಮೆಕ್ಕೆಜೋಳದಿಂದ 200 ಮೀಟರ್ ಆದರೂ ದೂರ ಇರಲಿ. ಆಗದಿದ್ದರೆ ಹೂ ಬಿಡುವ ಕಾಲ ಬೇರೆಯಾಗುವಂತೆ ಮೂರ್ನಾಲ್ಕು ವಾರ ಹಿಂದೆಮುಂದೆ ಬಿತ್ತಿ. ಮುಖ್ಯವಾಗಿ, ಹಳೆಯ ಬೀಜ ಸ್ವಲ್ಪ ಬೇರೆಯವರ ಮನೆಯಲ್ಲೂ ಇರಲಿ.

ಅಜ್ಜಿಯಿಂದ ಬೀಜ ಪಡೆದಿದ್ದವರನ್ನೆಲ್ಲ ಹುಡುಕಿದೆ. ಒಬ್ಬರ ಹತ್ತಿರ ಹಳೆಯ ಕಾಳು ಒಂದು ಬೊಗಸೆ ಸಿಕ್ಕಿತು. 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಏಳು ಮೊಳೆತಿವೆ.