ಸೇಲ್ಸ್ ಆರ್ಡರ್‌ಗೆ ಡೈಮೆನ್ಶನ್ ತುಂಬಿಸುವ ನಾಲ್ಕು ದಾರಿ: ಇಆರ್‌ಪಿನೆಕ್ಸ್ಟ್‌ನಲ್ಲಿ ಬಳಸಿ ನೋಡಿದ್ದು

ಟ್ಯಾಲಿಯಲ್ಲಿ ಲೆಕ್ಕ ಬರೆದವರಿಗೆ ಕಾಸ್ಟ್ ಸೆಂಟರ್, ಅಂದರೆ ಖರ್ಚು ಆದಾಯವನ್ನು ವಿಭಾಗವಾರು ಗುರುತಿಸುವ ಹೆಸರು, ಹೊಸದೇನಲ್ಲ. ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ಕಾಸ್ಟ್ ಸೆಂಟರ್ ಮತ್ತು ಪ್ರಾಜೆಕ್ಟ್ ಎರಡೂ ಮೊದಲಿಂದಲೇ ಇವೆ. 2019ರಲ್ಲಿ ಬಂದ 12ನೇ ಆವೃತ್ತಿಯಿಂದ ನಮಗೆ ಬೇಕಾದ ಅಕೌಂಟಿಂಗ್ ಡೈಮೆನ್ಶನ್‌ಗಳನ್ನೂ, ಅಂದರೆ ಲೆಕ್ಕವನ್ನು ವಿಂಗಡಿಸಿ ನೋಡಲು ನಮೂದುಗಳಿಗೆ ಹಚ್ಚುವ ಗುರುತುಗಳನ್ನೂ, ಸೇರಿಸಿಕೊಳ್ಳಬಹುದು. ನಾನು ಲೆಕ್ಕ ನೋಡಿಕೊಳ್ಳುವ ಒಂದು ವಿತರಕ ಸಂಸ್ಥೆಯಲ್ಲಿ ಎರಡು ಸೇರಿಸಿದೆವು. ಒಂದು ಬ್ರ್ಯಾಂಚ್, ಇನ್ನೊಂದು ಸೇಲ್ಸ್ ಚಾನೆಲ್. ಡೀಲರ್ ಮೂಲಕ ಹೋದ ಮಾಲು ಎಷ್ಟು ಲಾಭ ಕೊಟ್ಟಿತು, ನೇರವಾಗಿ ಮಾರಿದ್ದು ಎಷ್ಟು ಕೊಟ್ಟಿತು ಎಂದು ಮಾಲೀಕರು ಕೇಳಿದರೆ ಉತ್ತರ ಸಿಗಬೇಕು, ಅಷ್ಟೇ.

ಫೀಲ್ಡ್ ಸೇರಿಸುವುದು ಸುಲಭ. ರಾಶಿ ರಾಶಿ ಆರ್ಡರ್‌ಗಳಿಗೆ ಅದನ್ನು ಸರಿಯಾಗಿ ತುಂಬಿಸುವುದು ಬೇರೆಯದೇ ಕೆಲಸ. ನಾಲ್ಕು ದಾರಿಗಳನ್ನು ಬಳಸಿ ನೋಡಿದ್ದೇನೆ: ಡೇಟಾ ಇಂಪೋರ್ಟ್ (ಫೈಲಿನಿಂದ ಹಲವು ಆರ್ಡರ್‌ಗಳನ್ನು ಒಮ್ಮೆಲೇ ತರುವುದು), ಆರ್ಡರ್ ಒಳಗೇ ಇರುವ ಅಪ್‌ಲೋಡ್ ಬಟನ್, ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ನೇರವಾಗಿ ಮಾಹಿತಿ ಕಳಿಸುವ ದಾರಿ), ಮತ್ತು ಸರ್ವರ್ ಸ್ಕ್ರಿಪ್ಟ್ (ಸರ್ವರ್‌ನಲ್ಲಿ ತಾನಾಗಿ ಓಡುವ ಸಣ್ಣ ಪ್ರೋಗ್ರಾಮ್).

ಅದಕ್ಕೂ ಮೊದಲು ಒಂದು ವಿಷಯ ತಿಳಿದಿರಬೇಕು. ಇಲ್ಲದಿದ್ದರೆ ಯಾವ ದಾರಿ ಹಿಡಿದರೂ ಅರ್ಧ ಕೆಲಸವೇ ಆಗುತ್ತದೆ. ಡೈಮೆನ್ಶನ್ ಎರಡು ಕಡೆ ಇರುತ್ತದೆ: ಆರ್ಡರ್‌ನ ತಲೆಭಾಗದಲ್ಲಿ ಒಮ್ಮೆ, ಪ್ರತಿ ಐಟಂ ಸಾಲಿನಲ್ಲಿ ಇನ್ನೊಮ್ಮೆ. ಸೇಲ್ಸ್ ಆರ್ಡರ್‌ನಿಂದ ಲೆಡ್ಜರ್‌ಗೆ ಏನೂ ಹೋಗುವುದಿಲ್ಲ. ಅದರಿಂದ ಇನ್ವಾಯ್ಸ್ ಮಾಡಿದಾಗ ಈ ಎರಡೂ ಅಲ್ಲಿಗೆ ಬರುತ್ತವೆ, ಲೆಡ್ಜರ್ ನಮೂದು ಆಗುವುದು ಅಲ್ಲಿ. ಆದಾಯದ ಖಾತೆಗೆ ಐಟಂ ಸಾಲಿನ ಡೈಮೆನ್ಶನ್ ಹೋಗುತ್ತದೆ. ಸಾಲು ಖಾಲಿ ಇದ್ದರೆ ತಲೆಭಾಗದ್ದು ಹೋಗುತ್ತದೆ. ಆದರೆ ಗ್ರಾಹಕರಿಂದ ಬರಬೇಕಾದ ಹಣದ ಖಾತೆಗೆ ತಲೆಭಾಗದ್ದೇ ಬೇಕು. ಹಾಗಾಗಿ ಸಾಲುಗಳನ್ನು ಮಾತ್ರ ತುಂಬಿ, ಡೈಮೆನ್ಶನ್ ಸೆಟ್ಟಿಂಗ್‌ನಲ್ಲಿ ಬ್ಯಾಲೆನ್ಸ್ ಶೀಟ್ ಖಾತೆಗಳಿಗೆ ಕಡ್ಡಾಯ ಎಂದು ಟಿಕ್ ಮಾಡಿದ್ದರೆ ಇನ್ವಾಯ್ಸ್ ಸಬ್‌ಮಿಟ್ ಮಾಡುವಾಗ, ಅಂದರೆ ಡ್ರಾಫ್ಟನ್ನು ಅಂತಿಮಗೊಳಿಸುವಾಗ, ನಿಂತುಹೋಗುತ್ತದೆ. ಆರ್ಡರ್ ಸುಸೂತ್ರವಾಗಿ ಒಳಗೆ ಬಂದಿತ್ತಲ್ಲ ಎಂದು ಆಗ ತಲೆ ಕೆರೆದುಕೊಳ್ಳಬೇಕು. ತೊಂದರೆ ಹುಟ್ಟುವುದು ಆರ್ಡರ್‌ನಲ್ಲಿ, ಕಾಣುವುದು ವಾರಗಳ ನಂತರ ಬಿಲ್ಲಿಂಗ್‌ನವರ ಮೇಜಿನ ಮೇಲೆ. ಆದ್ದರಿಂದ ಎರಡೂ ಕಡೆ ತುಂಬಿ.

ಈಗ ಡೇಟಾ ಇಂಪೋರ್ಟ್. ಹಳೆಯ ಸಿಸ್ಟಮ್‌ನಿಂದ ಬಾಕಿ ಆರ್ಡರ್‌ಗಳನ್ನು ಒಮ್ಮೆಲೇ ತರುವುದಿದ್ದರೆ ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಟೆಂಪ್ಲೇಟ್ ಇಳಿಸಿಕೊಳ್ಳುವಾಗ ಫೀಲ್ಡ್‌ಗಳ ಪಟ್ಟಿ ಎರಡು ಭಾಗವಾಗಿ ಬರುತ್ತದೆ, ಸೇಲ್ಸ್ ಆರ್ಡರ್‌ನದ್ದು ಮತ್ತು ಐಟಮ್ಸ್‌ನದ್ದು. ಚಾನೆಲ್ ಎರಡರಲ್ಲೂ ಇರುತ್ತದೆ, ಎರಡನ್ನೂ ಟಿಕ್ ಮಾಡಬೇಕು. ಹೊಸ ಡೈಮೆನ್ಶನ್ ಸೇರಿಸಿದಾಗ ಫೀಲ್ಡ್‌ಗಳು ಹಿನ್ನೆಲೆಯಲ್ಲಿ ತಯಾರಾಗುತ್ತವೆ. ಅದಕ್ಕೆ ಸ್ವಲ್ಪ ಹೊತ್ತು ಬಿಟ್ಟು ಪುಟ ರಿಫ್ರೆಶ್ ಮಾಡಿ ಟೆಂಪ್ಲೇಟ್ ಇಳಿಸಿಕೊಳ್ಳಿ. ಹಳೆಯ ಟೆಂಪ್ಲೇಟ್‌ನಲ್ಲಿ ಆ ಕಾಲಂ ಇರುವುದಿಲ್ಲ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲೇ ಸಿಗುವ ಎಚ್ಚರಿಕೆ. ಗುರುತು ಸಿಗದ ಕಾಲಂ ಇದ್ದರೆ ಹೇಳುತ್ತದೆ. ಮಾಸ್ಟರ್‌ನಲ್ಲಿ, ಅಂದರೆ ಸಿಸ್ಟಮ್‌ನಲ್ಲಿ ಮೊದಲೇ ಇರುವ ಹೆಸರುಗಳ ಪಟ್ಟಿಯಲ್ಲಿ, ಇಲ್ಲದ ಹೆಸರು ಇದ್ದರೆ ಅದನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ನಮ್ಮ ಕಡೆ ಇದರ ಉಪಯೋಗ ಜಾಸ್ತಿ. 2014ರ ನವೆಂಬರ್‌ನಲ್ಲಿ ಇಂಗ್ಲಿಷ್‌ನಲ್ಲಿ ಊರುಗಳ ಹೆಸರು ಬದಲಾದ ಮೇಲೂ ಹಳೆಯ ಪಟ್ಟಿಗಳಲ್ಲಿ ಒಂದು ಕಡೆ ಹುಬ್ಳಿ, ಇನ್ನೊಂದು ಕಡೆ ಹುಬ್ಬಳ್ಳಿ, ಒಂದು ಕಡೆ ಬೆಲ್ಗಾಂ, ಇನ್ನೊಂದು ಕಡೆ ಬೆಳಗಾವಿ. ಬ್ರ್ಯಾಂಚ್‌ಗೆ ಅವುಗಳನ್ನು ಹಾಗೇ ತಂದರೆ ಒಂದೇ ಊರಿನ ಲಾಭ ಎರಡು ಹೆಸರಿನಲ್ಲಿ ಹಂಚಿಹೋಗುತ್ತದೆ. ಎಚ್ಚರಿಕೆ ಬಂತು ಎಂದು ಆ ಹೆಸರನ್ನು ಮಾಸ್ಟರ್‌ಗೆ ಸೇರಿಸಿಬಿಡಬೇಡಿ. ಫೈಲ್ ತಿದ್ದಿ. ಎರಡೂ ಹೆಸರು ಈಗಾಗಲೇ ಮಾಸ್ಟರ್‌ನಲ್ಲಿ ಇದ್ದರೆ, ಒಂದನ್ನು ರೀನೇಮ್ ಮಾಡುವಾಗ ಇನ್ನೊಂದರ ಜೊತೆ ಮರ್ಜ್ ಮಾಡಬಹುದು. ಹಳೆಯ ದಾಖಲೆಗಳೂ ಉಳಿದ ಹೆಸರಿಗೆ ಬದಲಾಗುತ್ತವೆ.

ಇದರ ದುರ್ಬಲ ಜಾಗ ಎಕ್ಸೆಲ್. ಹಲವು ಐಟಂ ಇರುವ ಆರ್ಡರ್‌ನಲ್ಲಿ ಗ್ರಾಹಕರ ಹೆಸರು, ದಿನಾಂಕ ಎಲ್ಲ ಮೊದಲ ಸಾಲಿನಲ್ಲಿ ಮಾತ್ರ ಇರಬೇಕು. ಮುಂದಿನ ಸಾಲುಗಳಲ್ಲಿ ಆ ಕಾಲಂಗಳು ಖಾಲಿ ಇರಬೇಕು. ಖಾಲಿ ಇದ್ದರೆ ಮಾತ್ರ ಸಾಲು ಮೇಲಿನ ಆರ್ಡರ್‌ಗೆ ಸೇರುತ್ತದೆ, ತುಂಬಿದ್ದರೆ ಹೊಸ ಆರ್ಡರ್ ಹುಟ್ಟುತ್ತದೆ. ಈಗ ಯಾರಾದರೂ ಚಾನೆಲ್ ನೋಡಿಕೊಂಡು ತುಂಬಲು ಸುಲಭ ಎಂದು ಆ ಫೈಲನ್ನು ಸಾರ್ಟ್ ಮಾಡಿದರು ಅಂದುಕೊಳ್ಳಿ. ಒಬ್ಬರ ಮಾಲು ಇನ್ನೊಬ್ಬರ ಆರ್ಡರ್ ಕೆಳಗೆ ಹೋಗಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಾಗಾಗಿ ನಾನು ಎಲ್ಲ ಸಾಲುಗಳಲ್ಲೂ ಆರ್ಡರ್ ನಂಬರ್ ಇರುವ ಬೇರೆ ಶೀಟ್‌ನಲ್ಲಿ ಡೈಮೆನ್ಶನ್ ತುಂಬಿ, ಕೊನೆಗೆ ಮಾತ್ರ ಟೆಂಪ್ಲೇಟ್ ಆಕಾರಕ್ಕೆ ತರುತ್ತೇನೆ. ಇಂಪೋರ್ಟ್ ಆದ ಕೂಡಲೇ ಸಬ್‌ಮಿಟ್ ಆಗಲಿ ಎಂಬ ಆಯ್ಕೆಯನ್ನೂ ಮುಟ್ಟುವುದಿಲ್ಲ. ಡ್ರಾಫ್ಟ್ ಆಗಿ ಬರಲಿ, ನೋಡಿ ಆಮೇಲೆ ಸಬ್‌ಮಿಟ್ ಮಾಡಿದರಾಯಿತು.

ಈಗಾಗಲೇ ಇರುವ ಡ್ರಾಫ್ಟ್ ಆರ್ಡರ್‌ಗಳಿಗೆ ಆಮೇಲೆ ಡೈಮೆನ್ಶನ್ ಸೇರಿಸಲು ಇದರಲ್ಲೇ ಅಪ್‌ಡೇಟ್ ಆಯ್ಕೆ ಇದೆ. ಅದಕ್ಕೆ ಆರ್ಡರ್‌ನ ಐಡಿ ಜೊತೆಗೆ ಪ್ರತಿ ಐಟಂ ಸಾಲಿನ ಐಡಿಯೂ ಬೇಕು. ಅದು ಅರ್ಥವಿಲ್ಲದ ಅಕ್ಷರ ಅಂಕಿಗಳ ಸರಮಾಲೆ, ಕೈಯಲ್ಲಿ ಬರೆಯುವಂಥದ್ದಲ್ಲ. ಮೊದಲು ಎಕ್ಸ್‌ಪೋರ್ಟ್ ಮಾಡಿ, ಅದೇ ಫೈಲಿನಲ್ಲಿ ಚಾನೆಲ್ ತುಂಬಿ ವಾಪಸ್ ಕಳಿಸಿ. ಬದಲಾಗುವ ಸಾಲು ಒಂದೇ ಆದರೂ ಆ ಆರ್ಡರ್‌ನ ಎಲ್ಲ ಸಾಲುಗಳೂ ಫೈಲಿನಲ್ಲಿ ಇರಲಿ. ಬಿಟ್ಟ ಸಾಲು ಆರ್ಡರ್‌ನಿಂದಲೇ ಹೋಗಿಬಿಡಬಹುದು.

ಆರ್ಡರ್ ಒಳಗಿನ ಅಪ್‌ಲೋಡ್ ಬಟನ್ ಬಗ್ಗೆ ಹೇಳುವುದು ಕಡಿಮೆ. ಐಟಮ್ಸ್ ಟೇಬಲ್ ಕೆಳಗೆ ಡೌನ್‌ಲೋಡ್, ಅಪ್‌ಲೋಡ್ ಎಂದು ಎರಡು ಬಟನ್ ಇರುತ್ತವೆ. ಸಿಎಸ್‌ವಿ ಫೈಲ್ ಇಳಿಸಿ, ಮೇಲಿನ ಏಳು ಸಾಲು ಮುಟ್ಟದೆ ಕೆಳಗೆ ತುಂಬಿ, ಏರಿಸಬೇಕು. ಅಪ್‌ಲೋಡ್ ಮಾಡಿದಾಗ ಟೇಬಲ್‌ನಲ್ಲಿ ಇದ್ದದ್ದೆಲ್ಲ ಅಳಿಸಿ ಹೊಸದು ಬರುತ್ತದೆ. ತಲೆಭಾಗದ ಡೈಮೆನ್ಶನ್ ಕೈಯಲ್ಲೇ ಹಾಕಬೇಕು. ಒಂದೇ ದೊಡ್ಡ ಆರ್ಡರ್, ನೂರಾರು ಐಟಂ ಇದ್ದರೆ ಇದು ಬಹಳ ಒಳ್ಳೆಯದು. ಹತ್ತು ಆರ್ಡರ್‌ಗೂ ಇದನ್ನೇ ಮಾಡುತ್ತೇನೆ ಅಂದರೆ ಸುಮ್ನೆ ಸಮಯ ಹಾಳು.

ದಿನಾ ಬೇರೆ ಕಡೆಯಿಂದ ಆರ್ಡರ್ ಬರುತ್ತಿದ್ದರೆ, ಉದಾಹರಣೆಗೆ ಡೀಲರ್‌ಗಳ ಆ್ಯಪ್ ಅಥವಾ ಆನ್‌ಲೈನ್ ಅಂಗಡಿಯಿಂದ, ಎಪಿಐ ಬಿಟ್ಟು ಬೇರೆ ಮಾತಿಲ್ಲ. ಆರ್ಡರ್ ಎಲ್ಲಿಂದ ಬಂತು ಎಂಬುದು ಕಳಿಸುವ ಪ್ರೋಗ್ರಾಮ್‌ಗೇ ಗೊತ್ತು. ಚಾನೆಲ್ ಯಾವುದೆಂದು ಮನುಷ್ಯರು ಊಹಿಸಬೇಕಾದ ಅಗತ್ಯವೇ ಇಲ್ಲ. ಈ ಒಂದು ಗುಣ ಉಳಿದ ಮೂರಕ್ಕೂ ಇಲ್ಲ. ಸಾರ್ಟ್ ಮಾಡಿ ಕೆಡಿಸಲು ನಡುವೆ ಎಕ್ಸೆಲ್ ಕೂಡ ಇರುವುದಿಲ್ಲ, ಸಾಲುಗಳು ಆರ್ಡರ್ ಒಳಗೇ ಕೂತು ಬರುತ್ತವೆ.

ಆದರೆ ಇಲ್ಲಿ ಫೀಲ್ಡ್ ಹೆಸರು ತಪ್ಪಾದರೆ ಯಾರೂ ಹೇಳುವುದಿಲ್ಲ. ತೆರೆಯ ಮೇಲೆ ಕಾಣುವ ಲೇಬಲ್ ಬೇರೆ, ಒಳಗಿನ ಫೀಲ್ಡ್ ಹೆಸರು ಬೇರೆ. ಒಳಗಿನದ್ದು ಎಲ್ಲ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಇಲ್ಲದ ಹೆಸರಿನಲ್ಲಿ ಚಾನೆಲ್ ಕಳಿಸಿದರೆ ಆರ್ಡರ್ ಆಗುತ್ತದೆ, ಯಶಸ್ಸು ಎಂಬ ಉತ್ತರವೂ ಬರುತ್ತದೆ, ಚಾನೆಲ್ ಮಾತ್ರ ಎಲ್ಲೂ ಇರುವುದಿಲ್ಲ. ಉತ್ತರವಾಗಿ ಬರುವ ದಾಖಲೆಯಲ್ಲಿ ಆ ಫೀಲ್ಡ್ ತುಂಬಿದೆಯೇ ಎಂದು ಪ್ರೋಗ್ರಾಮ್ ಪ್ರತಿ ಸಲ ನೋಡಲೇಬೇಕು. ಬರೆದುಕೊಡುವವರಿಗೆ ಇದನ್ನು ಒತ್ತಿ ಹೇಳಿ. ನೆಟ್‌ವರ್ಕ್ ಕೈಕೊಟ್ಟು ಮತ್ತೆ ಕಳಿಸಿದಾಗ ಒಂದೇ ಆರ್ಡರ್ ಎರಡು ಸಲ ಬಾರದಂತೆ, ಗ್ರಾಹಕರ ಪರ್ಚೇಸ್ ಆರ್ಡರ್ ನಂಬರ್ ಇಟ್ಟು ಮೊದಲು ಹುಡುಕುವ ವ್ಯವಸ್ಥೆಯೂ ಇರಲಿ.

ಕೊನೆಯದು ಸರ್ವರ್ ಸ್ಕ್ರಿಪ್ಟ್. ಇದು ಇಂಪೋರ್ಟ್ ಅಲ್ಲ, ಆದರೂ ಇದೇ ಸಾಲಿಗೆ ಬರುತ್ತದೆ. ಯಾಕೆಂದರೆ ಫಾರ್ಮ್ ತೆರೆದು ಆರ್ಡರ್ ಹಾಕುವಾಗ ಡೀಫಾಲ್ಟ್ ಡೈಮೆನ್ಶನ್ ತಾನಾಗಿ ಬರುತ್ತದೆ, ಮೊದಲ ಸಾಲಿನಲ್ಲಿ ಹಾಕಿದ್ದು ಮುಂದಿನ ಸಾಲಿಗೂ ಇಳಿಯುತ್ತದೆ. ಅದೆಲ್ಲ ಬ್ರೌಸರ್‌ನಲ್ಲಿ ನಡೆಯುವ ಕೆಲಸ. ಇಂಪೋರ್ಟ್‌ಗೂ ಎಪಿಐಗೂ ಆ ನೆರವು ಇಲ್ಲ. ಫಾರ್ಮ್‌ನಲ್ಲಿ ಬರ್ತಿತ್ತು, ಇಲ್ಲಿ ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ಉತ್ತರ ಇದೇ. ಸೇವ್ ಆಗುವ ಮುಂಚೆ ಓಡುವ ಒಂದು ಸಣ್ಣ ಸರ್ವರ್ ಸ್ಕ್ರಿಪ್ಟ್ ಇದ್ದರೆ, ಆರ್ಡರ್ ಯಾವ ದಾರಿಯಿಂದ ಬಂದರೂ ಖಾಲಿ ಸಾಲಿಗೆ ತಲೆಭಾಗದ ಡೈಮೆನ್ಶನ್ ತುಂಬುತ್ತದೆ. 15ನೇ ಆವೃತ್ತಿಯಿಂದ ಸರ್ವರ್ ಸ್ಕ್ರಿಪ್ಟ್ ಮೊದಲಿಗೆ ಬಂದ್ ಆಗಿರುತ್ತದೆ, ಸರ್ವರ್ ನೋಡಿಕೊಳ್ಳುವವರು ಅದನ್ನು ಆನ್ ಮಾಡಿಕೊಡಬೇಕು.

ಇದರಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ತಲೆಭಾಗದಿಂದ ಸಾಲಿಗೆ ನಕಲು ಮಾಡಲಿ, ಅಷ್ಟೇ. ಗ್ರಾಹಕರ ಗುಂಪು ನೋಡಿ ಚಾನೆಲ್ ಊಹಿಸುವ ಸ್ಕ್ರಿಪ್ಟ್ ಬೇಡ. ಡೀಲರ್ ಒಬ್ಬರು ಸ್ವಂತ ಬಳಕೆಗೆ ನೇರವಾಗಿ ಕೊಂಡಾಗಲೂ ಅದು ಡೀಲರ್ ಮಾರಾಟ ಎಂದೇ ಬರೆದುಬಿಡುತ್ತದೆ. ಖಾಲಿ ಬಿಟ್ಟ ಜಾಗವನ್ನು ಹುಡುಕಿ ತುಂಬಬಹುದು. ತಪ್ಪಾಗಿ ತುಂಬಿದ ಜಾಗವನ್ನು ಹೇಗೆ ಹುಡುಕುತ್ತೀರಿ?

ಹಾಗಾದರೆ ನಾನು ಏನು ಬಳಸುತ್ತೇನೆ? ಮೊದಲ ಸಲ ಹಳೆಯದನ್ನು ತರಲು ಡೇಟಾ ಇಂಪೋರ್ಟ್. ದಿನದ ಆರ್ಡರ್‌ಗೆ ಎಪಿಐ. ಎರಡರ ಬೆನ್ನಿಗೂ ಆ ಸಣ್ಣ ನಕಲು ಸ್ಕ್ರಿಪ್ಟ್. ಎಪಿಐ ಬರೆಸುವ ಶಕ್ತಿ ಇಲ್ಲದ ಸಣ್ಣ ಸಂಸ್ಥೆಗಳಿಗೆ ವಾರಕ್ಕೊಮ್ಮೆ ಡೇಟಾ ಇಂಪೋರ್ಟ್ ಸಾಕು, ಆದರೆ ಚಾನೆಲ್ ಕಾಲಂ ತುಂಬುವುದು ಮಾರಾಟದ ವಿಭಾಗದವರ ಕೆಲಸ ಆಗಿರಲಿ. ಆರ್ಡರ್ ತಂದವರಿಗೆ ಅದು ಗೊತ್ತು, ಲೆಕ್ಕ ಬರೆಯುವವರಿಗೆ ಗೊತ್ತಿರುವುದಿಲ್ಲ ಅಲ್ವಾ?

ಯಾವ ದಾರಿಯಾದರೂ ಸಬ್‌ಮಿಟ್ ಮಾಡುವ ಮುಂಚೆ ಸೇಲ್ಸ್ ಆರ್ಡರ್ ಪಟ್ಟಿಯನ್ನು ರಿಪೋರ್ಟ್ ವ್ಯೂನಲ್ಲಿ ತೆರೆಯಿರಿ. ಚಾನೆಲ್ ಫೀಲ್ಡ್‌ಗೆ ನಾಟ್ ಸೆಟ್ ಎಂಬ ಫಿಲ್ಟರ್ ಹಾಕಿ, ತಲೆಭಾಗಕ್ಕೆ ಒಮ್ಮೆ, ಐಟಂ ಸಾಲುಗಳಿಗೆ ಒಮ್ಮೆ. ಪಟ್ಟಿ ಖಾಲಿ ಬಂದರೆ ಮುಂದುವರಿಯಿರಿ. ಸಬ್‌ಮಿಟ್ ಆದ ಆರ್ಡರ್‌ನಲ್ಲಿ ಆ ಫೀಲ್ಡ್‌ಗೆ ಬೀಗ ಬೀಳುತ್ತದೆ. ಆಮೇಲೂ ಉಳಿದುಹೋದದ್ದು ಕಂಡರೆ ಆರ್ಡರ್ ಕ್ಯಾನ್ಸಲ್ ಮಾಡಿ ತಿದ್ದುವ ಬದಲು, ಅದರಿಂದ ಇನ್ವಾಯ್ಸ್ ಡ್ರಾಫ್ಟ್ ಮಾಡಿ ಅಲ್ಲಿ ಡೈಮೆನ್ಶನ್ ಹಾಕುತ್ತೇನೆ. ಲೆಡ್ಜರ್‌ಗೆ ಹೋಗುವುದು ಇನ್ವಾಯ್ಸ್‌ನಲ್ಲಿ ಇರುವುದೇ.