ಎರಡನೇ ಸಲಕ್ಕೆ ಯಾವುದು ಗೆಲ್ಲುತ್ತೆ? ಲೂಸಿಯಾ, ಉಳಿದವರು ಕಂಡಂತೆ, ತಿಥಿ

ನಮ್ಮ ಮನೆಯಲ್ಲಿ ಈ ವಾದ ಶುರುವಾಗಿ ವರ್ಷಗಳೇ ಆಗಿವೆ. ಎರಡನೇ ಸಲ ನೋಡಿದಾಗ ಮೊದಲಿಗಿಂತ ಜಾಸ್ತಿ ಹಿಡಿಸುವ ಕನ್ನಡ ಸಿನಿಮಾ ಯಾವುದು? ತಮ್ಮ ‘ಲೂಸಿಯಾ’ ಪಾರ್ಟಿ. ನನ್ನದು ‘ಉಳಿದವರು ಕಂಡಂತೆ’. ನನ್ನ ಹೆಂಡತಿ ‘ತಿಥಿ’ ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಿದ್ದಳು. ಈ ಸಲ ಮಾತು ಸಾಕು, ಮೂರನ್ನೂ ಮತ್ತೆ ನೋಡಿಯೇ ಬಿಡೋಣ ಅಂತ ಕೂತೆವು. ಮೂರು ಶನಿವಾರ, ಮೂರು ಸಿನಿಮಾ.

ಮೂರನ್ನೂ ನಾನು ಮೊದಲ ಸಲ ನೋಡಿದ್ದು ಬಿಡುಗಡೆಯಾದ ಹೊಸತರಲ್ಲಿ, ಥಿಯೇಟರಿನಲ್ಲಿ. ಆಮೇಲೆ ಹಾಡು, ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಪೂರ್ತಿ ನೋಡಿರಲಿಲ್ಲ. ಹಾಗಾಗಿ ಮೂರಕ್ಕೂ ಒಂದೇ ಅಳತೆ. ಫೋನು ಪಕ್ಕದ ಕೋಣೆಯಲ್ಲಿ, ಸಬ್‌ಟೈಟಲ್ ಬಂದ್, ಬೇಜಾರಾದರೂ ಓಡಿಸುವ ಹಾಗಿಲ್ಲ. ಕಥೆಯ ಗುಟ್ಟುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ. ‘ಲೂಸಿಯಾ’ ಇನ್ನೂ ನೋಡಿಲ್ಲ ಅಂದರೆ ದಯವಿಟ್ಟು ಮೊದಲು ನೋಡಿ ಬನ್ನಿ.

ಮೊದಲ ಶನಿವಾರ ಅದೇ ‘ಲೂಸಿಯಾ’. 2013ರ ಸಿನಿಮಾ. ಪವನ್ ಕುಮಾರ್ ಜನರ ಹತ್ತಿರವೇ ದುಡ್ಡು ಕೂಡಿಸಿ, ಸುಮಾರು 50 ಲಕ್ಷ ಸೇರಿಸಿಕೊಂಡು ಶುರು ಮಾಡಿದ್ದು ಆಗ ಎಲ್ಲರ ಬಾಯಲ್ಲಿತ್ತು. ಕಥೆ ಗೊತ್ತಲ್ವಾ? ಸತೀಶ್ ನೀನಾಸಂ ಮಾಡಿದ ನಿಕ್ಕಿ ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗ. ರಾತ್ರಿ ನಿದ್ದೆ ಬರಲ್ಲ. ಲೂಸಿಯಾ ಅನ್ನೋ ಮಾತ್ರೆ ನುಂಗುತ್ತಾನೆ. ಕನಸಿನಲ್ಲಿ ನಿಖಿಲ್ ಅನ್ನೋ ದೊಡ್ಡ ಸ್ಟಾರ್ ಆಗುತ್ತಾನೆ. ನಿಕ್ಕಿಯ ಬದುಕು ಬಣ್ಣದಲ್ಲಿ, ಸ್ಟಾರ್‌ನ ಬದುಕು ಕಪ್ಪುಬಿಳುಪಿನಲ್ಲಿ. ಕಪ್ಪುಬಿಳುಪು ಅಂದರೆ ಕನಸು ಅಂತ ನಾವೇ ಅಂದುಕೊಂಡು ಕೂರುತ್ತೇವೆ. ಕೊನೆಗೆ ನೋಡಿದರೆ ಎಲ್ಲ ಉಲ್ಟಾ. ಸ್ಟಾರೇ ನಿಜ, ಟಾರ್ಚ್ ಹುಡುಗನೇ ಕನಸು.

ಮೊದಲ ಸಲ ಆ ಹೊಡೆತಕ್ಕೆ ತಲೆ ಗಿರ್ ಅಂದಿತ್ತು. ಎರಡನೇ ಸಲ ಹೊಡೆತ ಇಲ್ಲ, ಗೊತ್ತೇ ಇದೆಯಲ್ಲ. ಅದರ ಜಾಗಕ್ಕೆ ಬೇರೊಂದು ಬಂತು. ನಿಕ್ಕಿ ಟಾರ್ಚ್ ಹಿಡಿದು ಕತ್ತಲಲ್ಲಿ ಸೀಟು ತೋರಿಸುವುದನ್ನು ನೋಡುತ್ತಿದ್ದೆ. ಬೆಳಕು ಬೀಳುವುದು ಬೇರೆಯವರ ಕಾಲ ಬುಡಕ್ಕೆ. ಜನರ ಕಣ್ಣೆಲ್ಲ ಪರದೆಯ ಮೇಲೆ. ಇವನ ಮುಖ ಯಾರಿಗೂ ಬೇಕಾಗಿಲ್ಲ. ಹೋದಲ್ಲೆಲ್ಲ ಜನ ಮುತ್ತುವ ಒಬ್ಬ ಸ್ಟಾರ್ ಕನಸು ಕಂಡರೆ ಇನ್ನೇನು ಕಂಡಾನು? ಅವನು ಸಿನಿಮಾ ಬಿಟ್ಟು ಇರಲಾರ, ಆದರೆ ಯಾರೂ ತನ್ನನ್ನು ನೋಡಬಾರದು. ಹಾಗಿದ್ದರೆ ಇರುವುದು ಅದೊಂದೇ ಕೆಲಸ. ಇದು ಮೊದಲ ಸಲ ನನಗೆ ಹೊಳೆದೇ ಇರಲಿಲ್ಲ. ನಿಕ್ಕಿ ಮತ್ತು ಶ್ವೇತಾಳ ಪ್ರೀತಿ ಸ್ವಲ್ಪ ಸಿನಿಮಾ ಥರ ಆಯ್ತು ಅಂತ ಆಗ ಗೊಣಗಿದ್ದೆ. ಈಗ ಅದೇ ಸರಿ ಅನ್ನಿಸಿತು. ಕನಸು ಕಾಣುತ್ತಿರುವವನು ಸಿನಿಮಾದವನು. ಅವನ ಕನಸಿನಲ್ಲಿ ಹಾಡು ಬರದೆ ಇರುತ್ತಾ?

ಈ ಖುಷಿ ಮೊದಲರ್ಧದಲ್ಲೇ ಜಾಸ್ತಿ ಅನ್ನೋದನ್ನೂ ಹೇಳಬೇಕು. ಆಸ್ಪತ್ರೆ, ತನಿಖೆಯ ಭಾಗಗಳು ಬಂದಾಗ ಉತ್ತರ ಗೊತ್ತಿರುವ ಲೆಕ್ಕವನ್ನು ಮತ್ತೆ ಬಿಡಿಸಿದ ಹಾಗಾಯಿತು. ಪವನ್ ಕುಮಾರ್ ಅವರದ್ದೇ ‘ಯು ಟರ್ನ್’ (2016) ಕೂಡ ಈ ಹಿಂದೆ ಎರಡು ಸಲ ನೋಡಿದ್ದೆ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವವರ ಕಥೆ. ಮೊದಲ ಸಲ ಎಷ್ಟು ಹೆದರಿದ್ದೆನೋ ಎರಡನೇ ಸಲ ಅಷ್ಟೇ ಆರಾಮಾಗಿ ಕೂತಿದ್ದೆ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. ಗುಟ್ಟಿನ ಮೇಲೆ ನಿಂತ ಕಥೆ ಗುಟ್ಟು ಒಡೆದ ಮೇಲೆ ಹಗುರಾಗುತ್ತದೆ. ‘ಲೂಸಿಯಾ’ ಹಾಗಾಗದೆ ಉಳಿದುಕೊಳ್ಳುವುದು ಆ ಟಾರ್ಚ್‌ನಿಂದ.

ಎರಡನೇ ಶನಿವಾರ ‘ಉಳಿದವರು ಕಂಡಂತೆ’. ರಕ್ಷಿತ್ ಶೆಟ್ಟಿ ಬರೆದು, ನಿರ್ದೇಶಿಸಿ, ರಿಚ್ಚಿಯಾಗಿ ನಟಿಸಿದ 2014ರ ಸಿನಿಮಾ. ಮಲ್ಪೆ, ಕಡಲು, ಅಷ್ಟಮಿಯ ಹುಲಿವೇಷ. ಒಬ್ಬ ಪತ್ರಕರ್ತೆ ಹಳೆಯ ಘಟನೆಯೊಂದರ ಬೆನ್ನು ಹತ್ತಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾಳೆ. ಬಿಡುಗಡೆಯಾದಾಗ ಜನ ಅಷ್ಟಾಗಿ ಬರಲಿಲ್ಲ, ಆಮೇಲೆ ತಲೆ ಮೇಲೆ ಹೊತ್ತುಕೊಂಡರು. ನಾನು ನೋಡಿದ ಆಟದಲ್ಲಿ ಅರ್ಧಕ್ಕೇ ಎದ್ದು ಹೋದವರಿದ್ದರು. ನನಗೂ ಆಗ ಯಾರು ಯಾರನ್ನು ಕೊಂದರು, ಯಾಕೆ, ಯಾವುದು ಮೊದಲು ಅನ್ನೋದನ್ನು ಜೋಡಿಸುವುದರಲ್ಲೇ ಸಮಯ ಹೋಗಿತ್ತು.

ಈ ಸಲ ಜೋಡಿಸುವ ಕೆಲಸ ಇರಲಿಲ್ಲ. ಕಿವಿ ಬಿಡುವಾಗಿತ್ತು. ಮೊದಲು ತಾಗಿದ್ದು ಮಾತು. ಕುಂದಾಪುರ, ಉಡುಪಿ ಕಡೆಯ ಕನ್ನಡದ ಆ ಓಟ, ನಡುವೆ ನುಸುಳುವ ತುಳು, ಹಿಂದೆ ಬಿಡದೆ ಮೊರೆಯುವ ಕಡಲು. ಮಾತನ್ನೆಲ್ಲ ಚಿತ್ರೀಕರಣದ ಜಾಗದಲ್ಲೇ ಹಿಡಿದಿದ್ದಾರೆ, ಅದರ ಬೆಲೆ ಹೆಡ್‌ಫೋನ್ ಹಾಕಿಕೊಂಡಾಗ ಗೊತ್ತಾಯಿತು. ಅಜನೀಶ್ ಲೋಕನಾಥ್ ಅವರ ಸಂಗೀತದಲ್ಲಿ ಹುಲಿವೇಷದ ತಾಸೆ ಎದೆಯೊಳಗೇ ಬಡಿಯುತ್ತದೆ.

ಆಮೇಲೆ ಹೆಸರು. ಹತ್ತು ವರ್ಷದಿಂದ ಆ ಹೆಸರನ್ನು ‘ಬೇರೆಯವರು ನೋಡಿದ ಹಾಗೆ’ ಅಂತಲೇ ಓದಿಕೊಂಡಿದ್ದೆ. ಈ ಸಲ ಮಧ್ಯದಲ್ಲೆಲ್ಲೋ ತಟ್ಟನೆ ಹೊಳೆಯಿತು. ಉಳಿದವರು ಅಂದರೆ ಬದುಕಿ ಉಳಿದವರು ಕೂಡ ಅಲ್ವಾ? ಪತ್ರಕರ್ತೆಗೆ ಸಿಗುವುದು ಅವರು ಮಾತ್ರ. ಹೋದವರು ಕಂಡಿದ್ದೇನು ಅನ್ನೋದು ಯಾರಿಗೂ ಸಿಗುವುದಿಲ್ಲ. ಅಲ್ಲಿಂದ ಇಡೀ ಸಿನಿಮಾ ನನಗೆ ಬೇರೆಯೇ ಆಯಿತು. ರಿಚ್ಚಿಯ ಹಿಂದೆ ಸುತ್ತುವ ಡೆಮಾಕ್ರಸಿ ಅನ್ನೋ ಹುಡುಗನ ಕಣ್ಣಲ್ಲಿ ಅವನು ಎಷ್ಟು ದೊಡ್ಡವನು! ಅದೇ ರಿಚ್ಚಿ ಬೇರೆಯವರ ಕಥೆಗೆ ಬಂದಾಗ ಸುಮ್ನೆ ಒಂದು ಭಯ. ತಾರಾ ಮಾಡಿದ ರತ್ನಕ್ಕನಿಗೆ ಈ ಗಲಾಟೆ ಯಾವುದೂ ಮುಖ್ಯ ಅಲ್ಲ. ಎಷ್ಟೋ ವರ್ಷದ ಮೇಲೆ ಮಗ ರಘು ಮನೆಗೆ ಬಂದಿದ್ದಾನೆ, ಅಷ್ಟೇ. ಮೊದಲ ಸಲ ಆ ತಾಯಿ ಮಗನ ಭಾಗವನ್ನು ಕಥೆ ನಿಂತು ಹೋಯಿತು ಅಂತ ಬೈದುಕೊಂಡಿದ್ದೆ. ಈ ಸಲ ಮುಂದೆ ಏನಾಗುತ್ತೆ ಅಂತ ಗೊತ್ತಿದ್ದು, ಆ ಭಾಗ ಮುಗಿಯಲೇಬಾರದು ಅನ್ನಿಸಿತು. ಕಿಶೋರ್ ಮಾಡಿದ ಮುನ್ನ ಕೂಡ ಹಾಗೇ. ಅವನದು ಮಾತು ಕಡಿಮೆ, ನೋಟ ಜಾಸ್ತಿ. ಆಗ ಅವನು ನನಗೆ ನೆನಪಲ್ಲೇ ಉಳಿದಿರಲಿಲ್ಲ.

‘ಲೂಸಿಯಾ’ ಮತ್ತೆ ನೋಡುವಾಗ ನಾನು ನಿರ್ದೇಶಕರ ಜಾಣತನ ನೋಡುತ್ತಿದ್ದೆ. ಇಲ್ಲಿ ಜನರನ್ನು ನೋಡುತ್ತಿದ್ದೆ. ಆ ವ್ಯತ್ಯಾಸ ನನಗೆ ದೊಡ್ಡದು. ಆದರೂ ಎರಡೂವರೆ ಗಂಟೆಯ ಸಿನಿಮಾದಲ್ಲಿ ಎರಡನೇ ಸಲವೂ ಒಂದೆರಡು ಕಡೆ ಎಳೆದ ಹಾಗನ್ನಿಸಿತು. ರಿಚ್ಚಿಯ ನಡಿಗೆ, ಮಾತಿನ ಠೀವಿಗೆ ಆಗ ಸಿಳ್ಳೆ ಹೊಡೆದಿದ್ದೆ, ಈಗ ಅಷ್ಟು ಬೇಡವಾಗಿತ್ತು ಅನ್ನಿಸಿತು.

ಕರಾವಳಿಯದ್ದೇ ಆದ ‘ಗರುಡ ಗಮನ ವೃಷಭ ವಾಹನ’ (2021) ಕೂಡ ಸೇರಿಸು ಅಂತ ತಮ್ಮ ಹಟ ಹಿಡಿದ. ಅದನ್ನು ಮೊದಲೇ ಎರಡು ಸಲ ನೋಡಿದ್ದೆ, ಹಾಗಾಗಿ ಈ ಪೈಪೋಟಿಗೆ ಸೇರಿಸಲಿಲ್ಲ. ಹರಿ, ಶಿವ, ಬ್ರಹ್ಮಯ್ಯ ಅನ್ನೋ ಹೆಸರಿನ ಲೆಕ್ಕ ಮೊದಲ ಸಲವೇ ಗೊತ್ತಾಗಿಬಿಡುತ್ತದೆ. ರಾಜ್ ಬಿ. ಶೆಟ್ಟಿ ಮಳೆಯಲ್ಲಿ ಕುಣಿಯುವ ದೃಶ್ಯ ಮಾತ್ರ ಬೇರೆ ಮಾತು. ಮೊದಲ ಸಲ ಅಲ್ಲಿ ರೌದ್ರ ಕಂಡಿತ್ತು, ಎರಡನೇ ಸಲ ಒಂಟಿ ಹುಡುಗನೊಬ್ಬ ಕಂಡ.

ಮೂರನೇ ಶನಿವಾರ ‘ತಿಥಿ’. ನಿಜ ಹೇಳಬೇಕು ಅಂದರೆ ಇದರಿಂದ ನಾನು ಏನೂ ನಿರೀಕ್ಷೆ ಮಾಡಿರಲಿಲ್ಲ. ಗುಟ್ಟು ಒಡೆಯುವ ಕಥೆಯಲ್ಲ, ಸುತ್ತಿ ಬಳಸಿ ಹೇಳುವುದೂ ಇಲ್ಲ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನ ತಿಥಿ. ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ. ರಾಮ್ ರೆಡ್ಡಿ ನಿರ್ದೇಶನ, ಕಥೆಯಲ್ಲಿ ಈರೇಗೌಡರ ಪಾಲು. ಮಂಡ್ಯ ಸೀಮೆಯ ಊರಿನವರೇ ನಟರು. ಹಿನ್ನೆಲೆ ಸಂಗೀತ ಇಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಗೊಂಡು, 2016ರಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ಆಗ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕು ಬಂದಿದ್ದೆ.

ಶುರುವಿನಲ್ಲೇ ಸೆಂಚುರಿ ಗೌಡ ದಾರಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಥಿಯೇಟರಿಗೆ ಥಿಯೇಟರೇ ನಕ್ಕಿತ್ತು. ಅಪ್ಪ ಸತ್ತ ಅಂತ ಹುಡುಗರು ಬಂದು ಹೇಳಿದರೆ ಗಡ್ಡಪ್ಪನ ಮುಖದಲ್ಲಿ ಏನೂ ಆಗುವುದಿಲ್ಲ. ಅದಕ್ಕೂ ನಗು. ಎಂಥ ವಿರಕ್ತ ಮುದುಕ, ಬ್ರಾಂದಿ ಬಾಟಲಿ ಹಿಡಿದು ಹೊಲದ ಬದುವಿನ ಮೇಲೆ ನಡೆಯುತ್ತಾನೆ ಅಂತ. ಸಿನಿಮಾ ಸುಮಾರು ದೂರ ಹೋದ ಮೇಲೆ ಇದೇ ಗಡ್ಡಪ್ಪ ಕುರುಬರ ಜೊತೆ ಬೆಂಕಿ ಮುಂದೆ ಕೂತು, ತನ್ನ ಸಂಸಾರಕ್ಕೆ ಏನಾಯಿತು, ಅದರಲ್ಲಿ ತನ್ನ ಅಪ್ಪನ ಪಾತ್ರ ಏನು ಅಂತ ಹೇಳುತ್ತಾನೆ. ದನಿ ಎತ್ತುವುದಿಲ್ಲ, ಅಳುವುದಿಲ್ಲ. ಮೊದಲ ಸಲ ನಗುವಿನ ಗುಂಗಿನಲ್ಲಿ ಅದು ಹಾಗೇ ದಾಟಿ ಹೋಗಿತ್ತು. ಈ ಸಲ ಅದು ಗೊತ್ತಿದ್ದೇ ಶುರುವಿನಿಂದ ನೋಡಿದೆ. ಮುದುಕ ಬೈಯುವಾಗ ನಗು ಬರಲಿಲ್ಲ. ಸಾವಿನ ಸುದ್ದಿಗೆ ಗಡ್ಡಪ್ಪನ ಮುಖ ಯಾಕೆ ಹಾಗಿತ್ತು ಅಂತ ಯಾರೂ ಹೇಳಬೇಕಾಗಲಿಲ್ಲ. ಅವನು ನಡೆಯುವುದು ವಿರಕ್ತಿಯಿಂದಲ್ಲ. ಮನೆ ಅಂತ ಒಂದು ಕಡೆ ಕೂರಲು ಅವನಿಂದ ಆಗಲ್ಲ.

ಇನ್ನು ತಮ್ಮಣ್ಣ. ತಾತನ ಐದು ಎಕರೆ ಜಮೀನು ತನ್ನ ಕೈಗೆ ಬರಲಿ ಅಂತ ಬದುಕಿರುವ ಅಪ್ಪನ ಹೆಸರಲ್ಲೇ ಸಾವಿನ ಸರ್ಟಿಫಿಕೇಟ್ ಮಾಡಿಸುವವನು. 2016ರಲ್ಲಿ ಅವನು ನನಗೆ ಖಳನಾಯಕ. ಅದಾದ ಮೂರು ವರ್ಷಕ್ಕೆ ನಮ್ಮ ತಾತ ಹೋದರು. ಮನೆಯ ಹಿರಿಮೊಮ್ಮಗ ಅಂತ ಹನ್ನೊಂದನೇ ದಿನದ ಓಡಾಟ ನನ್ನ ತಲೆಗೆ ಬಂತು. ಅಂಗಿ ಜೇಬಿನಲ್ಲಿ ಒಂದು ಚೀಟಿ: ಎಲೆ 400, ಕುರಿ 6, ಶಾಮಿಯಾನದವರಿಗೆ ಅಡ್ವಾನ್ಸ್, ಯಾರಿಗೆ ಇನ್ನೂ ಹೇಳಿಲ್ಲ. ಪಹಣಿ ಯಾರ ಹೆಸರಿಗೆ ಅಂತ ನೆಂಟರೊಬ್ಬರು ಅನ್ನದ ಎಲೆ ಮುಂದೆಯೇ ಕೇಳಿದ್ದರು. ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಈ ಸಲ ತಮ್ಮಣ್ಣ ಸಾಲಕ್ಕೆ, ಸಹಿಗೆ, ಊಟಕ್ಕೆ ಅಂತ ಓಡುವಾಗ ಅವನ ಹಣೆಯ ಬೆವರು ಕಂಡಿತು. ಅವನು ಮಾಡುವುದು ತಪ್ಪೇ. ಆದರೆ ಇಡೀ ಸಿನಿಮಾದಲ್ಲಿ ಒಂದು ಗಳಿಗೆ ಕೂರದೆ ಓಡುವವನು ಅವನೊಬ್ಬನೇ.

ಅಭಿ ಕುರಿ ಕಾಯುವ ಹುಡುಗಿ ಕಾವೇರಿಯ ಹಿಂದೆ ಬೀಳುವ ಭಾಗ ಮಾತ್ರ ಎರಡು ಸಲವೂ ನನಗೆ ಉದ್ದ ಅನ್ನಿಸಿದೆ.

ನನ್ನ ತೀರ್ಪು ಬದಲಾಗಿದೆ. ‘ಉಳಿದವರು ಕಂಡಂತೆ’ ನನಗೆ ಈಗಲೂ ಮೂರರಲ್ಲಿ ಹೆಚ್ಚು ಪ್ರೀತಿಯ ಸಿನಿಮಾ. ಆದರೆ ಎರಡನೇ ಸಲ ಜಾಸ್ತಿ ಬೆಳೆದಿದ್ದು ‘ತಿಥಿ’. ಎಲ್ಲವನ್ನೂ ಮೊದಲ ಸಲವೇ ಕಣ್ಣ ಮುಂದೆ ಇಟ್ಟಿದ್ದರು. ನಾನು ನೋಡಿರಲಿಲ್ಲ, ಅಷ್ಟೇ. ತಮ್ಮ ಇನ್ನೂ ಒಪ್ಪಿಲ್ಲ. ನೀವು ಪ್ರಯತ್ನ ಮಾಡುವುದಾದರೆ ‘ಲೂಸಿಯಾ’ಗೆ ಒಂದು ವರ್ಷದ ಬಿಡುವು ಸಾಕು, ‘ಉಳಿದವರು ಕಂಡಂತೆ’ಗೆ ಒಳ್ಳೆಯ ಹೆಡ್‌ಫೋನ್ ಬೇಕು. ‘ತಿಥಿ’ಯನ್ನು ಮನೆಯ ಹಿರಿಯರ ಜೊತೆ ಕೂತು ನೋಡಿ.

ನಾನು ಹಾಗೇ ಮಾಡಿದೆ. ಮಾರನೇ ದಿನ ಭಾನುವಾರ ಮಧ್ಯಾಹ್ನ ಅಮ್ಮನಿಗೆ ಅಂತ ಇನ್ನೊಂದು ಸಲ ಹಾಕಿದೆ. ಅಮ್ಮ ಮದ್ದೂರು ಕಡೆಯವರು, ಈ ಸಿನಿಮಾ ನೋಡಿರಲಿಲ್ಲ. ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ಕೂತರು. ನಾನು ಎರಡು ಸಲವೂ ಹಿಡಿಯಲಾಗದ ಬೈಗುಳಕ್ಕೆಲ್ಲ ಜೋರಾಗಿ ನಕ್ಕರು. ಗಡ್ಡಪ್ಪ ಬೆಂಕಿ ಮುಂದೆ ಮಾತು ಶುರು ಮಾಡಿದಾಗ ಅವರ ಕೈ ನಿಂತಿತು. ಬಿಡಿಸಿದ ಕಾಯಿ ಬೆರಳ ಸಂದಿಯಲ್ಲೇ ಇತ್ತು. ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಮೊದಲಿಂದ ಹಾಕು. ಆ ಮುದುಕ ಕೂತು ಬೈತಾನಲ್ಲ, ಅದನ್ನ ಇನ್ನೊಂದ್ಸಲ ನೋಡಬೇಕು” ಅಂದರು.