ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಯಾವ ಪಾಸ್ ತೆಗೆಸಬೇಕು?

ಊರಿಂದ ಕೆಲಸಕ್ಕೆ ಅಂತ ಹೊಸದಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವರು, ಬಾಡಿಗೆ ಮನೆ ಸಿಕ್ಕಿದ ಮೇಲೆ ಕೇಳುವ ಪ್ರಶ್ನೆ ಒಂದೇ. ಲೋಕಲ್ ರೈಲಿಗೆ ಸೆಕೆಂಡ್ ಕ್ಲಾಸ್ ಪಾಸ್ ತೆಗೆಸಲಾ, ಫಸ್ಟಾ, ಏಸಿಯಾ? ನಾನು ಮೂರರಲ್ಲೂ ತಿಂಗಳುಗಟ್ಟಲೆ ಓಡಾಡಿದ್ದೇನೆ. ಆದರೆ ನಾನು ಹೇಳುವುದೆಲ್ಲ ಲೇಡೀಸ್ ಡಬ್ಬದ ಲೆಕ್ಕ. ಗಂಡಸರ ಪಾಡು ಇನ್ನೂ ಕಷ್ಟ ಅಂತ ನಮ್ಮ ಮನೆಯವರು ದಿನಾ ಹೇಳುತ್ತಾರೆ.

ಮೊದಲು ದುಡ್ಡಿನ ಮಾತು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ, ಅಂದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, 48 ಕಿ.ಮೀ. ಇಷ್ಟು ದೂರಕ್ಕೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸು ಕೆಲವೇ ನೂರು ರೂಪಾಯಿ. ಬೆಂಗಳೂರಿನವರು ಇದನ್ನು ಕೇಳಿದರೆ ಒಂದು ವಾರದ್ದಾ ಅಂತ ಕೇಳುತ್ತಾರೆ! ಫಸ್ಟ್ ಕ್ಲಾಸಿಗೆ ಅದರ ಸುಮಾರು ಮೂರು ಪಟ್ಟು. ಏಸಿಗೆ ಅದಕ್ಕಿಂತಲೂ ಎಷ್ಟೋ ಜಾಸ್ತಿ.

ಫಸ್ಟ್ ಕ್ಲಾಸ್ ಅಂದ ಕೂಡಲೇ ಏನೇನೋ ಅಂದುಕೊಳ್ಳಬೇಡಿ. ಅದೇ ಗಾಡಿ, ಅದೇ ಫ್ಯಾನು, ಅದೇ ತೆರೆದ ಬಾಗಿಲು. ಸೀಟಿಗೆ ಮೆತ್ತೆ ಇರುತ್ತದೆ, ಅಷ್ಟೇ. ಲೇಡೀಸ್ ಫಸ್ಟ್ ಅಂತೂ ಒಂದು ಸಣ್ಣ ಗೂಡು. ಬೆಳಿಗ್ಗೆ ಎಂಟರ ಹೊತ್ತಿಗೆ ಕಲ್ಯಾಣ್ ಕಡೆಯಿಂದ ಬರುವ ಗಾಡಿಯಲ್ಲಿ ಅದು ನಮ್ಮ ಸ್ಟೇಷನ್ ಮುಟ್ಟುವ ಮೊದಲೇ ತುಂಬಿರುತ್ತದೆ. ಮೂರು ಪಟ್ಟು ಕೊಟ್ಟು ದಾದರ್‌ವರೆಗೆ ನಿಂತುಕೊಂಡೇ ಹೋಗುವುದು. ಹನ್ನೊಂದರ ಮೇಲೆ ಹೊರಡುವ ಕೆಲಸವಾದರೆ ಫಸ್ಟ್ ಕ್ಲಾಸ್ ಚೆನ್ನಾಗಿದೆ. ಆದರೆ ಆ ಹೊತ್ತಿಗೆ ಸೆಕೆಂಡ್‌ನಲ್ಲೂ ಸೀಟು ಸಿಗುತ್ತದಲ್ವಾ? ಮೂರರಲ್ಲಿ ನನಗೆ ದುಡ್ಡು ಸುಮ್ನೆ ಹೋಯಿತು ಅನ್ನಿಸಿದ್ದು ಇದರಲ್ಲೇ.

ಸೆಕೆಂಡ್ ಕ್ಲಾಸಿನಲ್ಲಿ ಪಾಸಿಗಿಂತ ಗಾಡಿ ಮುಖ್ಯ. ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದುವುದನ್ನು ಮೊದಲು ಕಲಿಯಿರಿ. ಎಫ್ ಅಂದರೆ ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಫಾಸ್ಟ್, ಎಸ್ ಅಂದರೆ ಎಲ್ಲಾ ಕಡೆ ನಿಲ್ಲುವ ಸ್ಲೋ. ಬೆಳಿಗ್ಗೆ ಕರ್ಜತ್, ಕಸಾರಾ, ಬದಲಾಪುರದಿಂದ ಬರುವ ಫಾಸ್ಟ್ ಗಾಡಿಗಳನ್ನು ಹೊಸಬರು ಸುಮ್ಮನೆ ನೋಡುತ್ತಾ ನಿಲ್ಲುವುದು ವಾಸಿ. ಹತ್ತುವುದಲ್ಲ, ಜನ ನಿಮ್ಮನ್ನು ಹತ್ತಿಸುತ್ತಾರೆ. ಥಾಣೆಯಲ್ಲಿ ಇಳಿಯಬೇಕಾದವರು ಬಾಗಿಲಿನ ಹತ್ತಿರ ಜಾಗ ಹಿಡಿಯದಿದ್ದರೆ ಘಾಟ್ಕೋಪರ್‌ಗೆ ಹೋಗಿ ವಾಪಸ್ ಬರಬೇಕು.

ನನ್ನ ಓಟು ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಗಾಡಿಗೆ. ಫಾಸ್ಟ್‌ಗೆ ಹೋಲಿಸಿದರೆ ಇಪ್ಪತ್ತು ನಿಮಿಷದಷ್ಟು ಜಾಸ್ತಿ ಹಿಡಿಯುತ್ತದೆ. ಕೋಪರ್, ದಿವಾ, ಮುಂಬ್ರಾ, ಕಳವಾ ಅಂತ ಎಲ್ಲಾ ಕಡೆ ನಿಲ್ಲುತ್ತದೆ. ಆದರೆ ಖಾಲಿ ಗಾಡಿ ಬರುತ್ತದೆ, ಸ್ವಲ್ಪ ಮುಂಚೆ ಹೋದರೆ ಕೂತು ಹೋಗಬಹುದು. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕೂತರೂ ಕೂತ ಹಾಗೇ.

ಕೂರಲು ಸಿಗದವರಿಗೂ ಲೇಡೀಸ್ ಡಬ್ಬದಲ್ಲಿ ಒಂದು ದಾರಿ ಇದೆ. ಗಾಡಿ ಹೊರಡುತ್ತಿದ್ದ ಹಾಗೇ ಕೂತವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋಗುತ್ತಾರೆ, 'ಕಹಾಂ ಉತರೋಗೆ?' (ಎಲ್ಲಿ ಇಳಿಯುತ್ತೀರಿ?) ಒಬ್ಬಾಕೆ ಘಾಟ್ಕೋಪರ್ ಅಂದರೆ ಅವಳ ಸೀಟು ಕೇಳಿದವಳ ಹೆಸರಿಗೆ ಆಯಿತು. ಆಮೇಲೆ ಬಂದವಳಿಗೆ 'ಬೋಲ್ ದಿಯಾ ಹೈ', ಅಂದರೆ ಆಗಲೇ ಒಬ್ಬರಿಗೆ ಹೇಳಿಯಾಗಿದೆ, ಅನ್ನುವ ಉತ್ತರ ಬರುತ್ತದೆ. ಅವಳು ಬಿಡುತ್ತಾಳಾ? ಸೀಟು ಹೇಳಿಟ್ಟವಳನ್ನೇ ಹುಡುಕಿ, ನೀವೆಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಾಳೆ. ಕುರ್ಲಾ ಅಂತ ಗೊತ್ತಾದರೆ ಅಲ್ಲಿಂದ ಮುಂದಕ್ಕೆ ಇವಳದ್ದು. ಹೀಗೆ ಒಂದೇ ಸೀಟಿಗೆ ಮೂರು ಜನ ಸಾಲಾಗಿರುತ್ತಾರೆ, ಚೀಟಿಯಿಲ್ಲ, ಪುಸ್ತಕವಿಲ್ಲ. ಇದನ್ನು ಮುರಿದವಳಿಗೆ ಆ ಡಬ್ಬದಲ್ಲಿ ಮರುದಿನ ಮುಖ ತೋರಿಸುವುದು ಕಷ್ಟ. ಈ ನಡುವೆ ಕ್ಲಿಪ್ಪು, ಬಿಂದಿ ಮಾರುವವಳು ತನ್ನ ಸರಂಜಾಮನ್ನು ತಲೆ ಮೇಲಿನ ಹಿಡಿಗೆ ನೇತುಹಾಕಿ ನಿಂತಿರುತ್ತಾಳೆ. ಸಂಜೆ ಗಾಡಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸಿ ಮುಗಿಸುವವರೂ ಇದ್ದಾರೆ.

ಫಾಸ್ಟ್ ಗಾಡಿಗಳು ಮೊದಲು ಮುಂಬ್ರಾ ಬಿಟ್ಟು 1916ರಲ್ಲಿ ಶುರುವಾದ ಪಾರಸಿಕ್ ಸುರಂಗದಲ್ಲಿ ಹೋಗುತ್ತಿದ್ದವು. 2022ರಲ್ಲಿ ಥಾಣೆ–ದಿವಾ ನಡುವೆ ಐದನೇ, ಆರನೇ ಹಳಿ ಬಂದ ಮೇಲೆ ಸುರಂಗ ದೂರದ ಗಾಡಿಗಳ ಪಾಲಾಯಿತು. ಫಾಸ್ಟ್ ಲೋಕಲ್‌ಗಳು ಈಗ ಮುಂಬ್ರಾ ಮೂಲಕವೇ ಹೋಗುತ್ತವೆ. ಅಲ್ಲಿ ಹಳಿ ಬಾಗುತ್ತದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರ ಎರಡು ಲೋಕಲ್‌ಗಳು ಎದುರುಬದುರಾದಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರು. ಸಾದಾ ಲೋಕಲ್‌ಗೂ ತಾನಾಗಿ ಮುಚ್ಚುವ ಬಾಗಿಲು ಹಾಕುವ ಮಾತು ಜೋರಾಗಿದ್ದು ಆಮೇಲೆ. ಇಪ್ಪತ್ತು ನಿಮಿಷ ಉಳಿಸುವುದಕ್ಕೆ ಬಾಗಿಲಲ್ಲಿ ನಿಲ್ಲಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ಇನ್ನು ಏಸಿ. ಮುಂಬೈಗೆ ಮೊದಲ ಏಸಿ ಲೋಕಲ್ ಬಂದದ್ದು 2017ರ ಡಿಸೆಂಬರ್ 25ಕ್ಕೆ, ಅದೂ ಪಶ್ಚಿಮ ಲೈನಿಗೆ. ನಮ್ಮ ಕಲ್ಯಾಣ್ ಲೈನಿಗೆ ಬರಲು 2020ರ ಕೊನೆಯಾಯಿತು. 2022ರ ಮೇನಲ್ಲಿ ಒಂದು ಸಲದ ಟಿಕೆಟ್ ದರ ಸುಮಾರು ಅರ್ಧಕ್ಕೆ ಇಳಿಸಿದರು. ಅಲ್ಲಿಂದ ಜನ ಏರಿದರು. ಬಾಗಿಲು ಮುಚ್ಚಿದ ಮೇಲೆ ಅದರೊಳಗಿನ ನೆಮ್ಮದಿಯೇ ಬೇರೆ. ಫೋನಿನಲ್ಲಿ ಮಾತಾಡಿದರೆ ಕೇಳಿಸುತ್ತದೆ, ಸೀರೆ ಇಸ್ತ್ರಿ ಮಾಡಿದ ಹಾಗೇ ಉಳಿಯುತ್ತದೆ, ಮಳೆಗಾಲದಲ್ಲಿ ಎರಚಲು ಬಡಿಯುವುದಿಲ್ಲ. ಏಪ್ರಿಲ್, ಮೇನಲ್ಲಂತೂ ಏನೂ ಹೇಳುವ ಹಾಗಿಲ್ಲ, ಸ್ವರ್ಗ.

ತೊಂದರೆ ಎರಡು. ಬಾಗಿಲು ಪೂರ್ತಿ ಮುಚ್ಚದೆ ಗಾಡಿ ಹೊರಡುವುದಿಲ್ಲ, ರಶ್ಶಿನಲ್ಲಿ ಯಾರದೋ ಬ್ಯಾಗು ಸಿಕ್ಕಿಕೊಂಡರೆ ಎಲ್ಲರೂ ಕಾಯಬೇಕು. ಇನ್ನೊಂದು, ಗಾಡಿಗಳ ಸಂಖ್ಯೆ. ಸಾದಾ ಲೋಕಲ್ ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಏಸಿ ತಪ್ಪಿತು ಅಂದರೆ ಆವತ್ತಿನ ಬೆಳಿಗ್ಗೆ ಮುಗಿಯಿತು. ಏಸಿ ಪಾಸಿನಲ್ಲಿ ಸಾದಾ ಗಾಡಿಯ ಫಸ್ಟ್ ಕ್ಲಾಸ್ ಹತ್ತಬಹುದು ಅನ್ನುವುದು ಸಮಾಧಾನ, ಆದರೆ ಆ ಗೂಡಿನ ಕಥೆ ಆಗಲೇ ಹೇಳಿದೆನಲ್ಲ. ಬೆಳಿಗ್ಗೆ ಕುಕ್ಕರ್ ಇನ್ನೊಂದು ಸೀಟಿ ಹೊಡೆಯಲಿ ಅಂತ ಕಾಯುವ ನನ್ನಂಥವರಿಗೆ ಗಡಿಯಾರದ ಪ್ರಕಾರ ಏಸಿ ಹಿಡಿಯುವುದು ಆಗದ ಮಾತು.

ಈಗ ನನ್ನ ಹತ್ತಿರ ಇರುವುದು ಸೆಕೆಂಡ್ ಕ್ಲಾಸ್ ಪಾಸು. ಬೆಳಿಗ್ಗೆ ಡೊಂಬಿವಲಿ ಸ್ಲೋ. ಸಂಜೆ ಸಿಎಸ್‌ಎಂಟಿಯಿಂದಲೇ ಗಾಡಿ ಹೊರಡುವುದರಿಂದ ಒಂದು ಬಿಟ್ಟು ಇನ್ನೊಂದಕ್ಕೆ ನಿಂತರೆ ಸೀಟು ಸಿಗುತ್ತದೆ, ಫಾಸ್ಟ್ ಆದರೂ ಸರಿ. ಬೇಸಿಗೆಯಲ್ಲಿ ತೀರಾ ಸುಸ್ತಾದ ದಿನ ಮೊಬೈಲ್‌ನಲ್ಲಿ ಏಸಿ ಟಿಕೆಟ್ ತೆಗೆದುಬಿಡುತ್ತೇನೆ. ಆದರೆ ಆಫೀಸು ದಾದರ್‌ನಲ್ಲೋ ಘಾಟ್ಕೋಪರ್‌ನಲ್ಲೋ ಇದ್ದರೆ ನನ್ನ ಲೆಕ್ಕ ನಿಮಗೆ ಆಗುವುದಿಲ್ಲ. ಸಂಜೆ ಅಲ್ಲಿ ಸಿಗುವುದೆಲ್ಲ ತುಂಬಿದ ಗಾಡಿಯೇ. ಮೆಟ್ರೋದಿಂದ ಇಳಿದವರೂ ಘಾಟ್ಕೋಪರ್‌ನಲ್ಲೇ ಸೇರಿಕೊಳ್ಳುತ್ತಾರೆ. ಅಂಥವರು, ಸಮಯ ಹೊಂದುವ ಹಾಗಿದ್ದರೆ, ಏಸಿ ಪಾಸೇ ತೆಗೆಸಿ. ಬಸುರಿಯರಿಗೆ, ಮಂಡಿನೋವಿನವರಿಗೆ ನಾನು ಬೇರೆ ಮಾತೇ ಹೇಳುವುದಿಲ್ಲ.

ಏನೇ ತೆಗೆಸಿದರೂ ಮೊದಲ ಸಲ ಒಂದೇ ತಿಂಗಳದ್ದು ತೆಗೆಸಿ. ಕೌಂಟರಿನಲ್ಲಿ ಮೂರು ತಿಂಗಳದ್ದು ಅಗ್ಗ ಬೀಳುತ್ತದೆ ಅಂದರೂ ಬೇಡ.